ನಿಮ್ಮ ಮನೆದೇವರು ಯಾವುದು?

ಬೆಂಗಳೂರಿನ ಮನೆ ಮಾಲೀಕರನ್ನು ಸುಮ್ನೆ ಬೈಯಬೇಡಿ. ಅವರು ಜಾತಿ ಕೇಳುವುದೇ ಇಲ್ಲ. ‘ನಿಮ್ಮ ಮನೆದೇವರು ಯಾವುದು?’ ಅಂತಾರೆ, ಅಷ್ಟೇ. ಎಂಥಾ ಭಕ್ತಿ ನೋಡಿ!

ಮೊನ್ನೆ ಗೆಳೆಯನ ಜೊತೆ ಮನೆ ನೋಡಲು ಹೋಗಿದ್ದೆ. ಗೇಟಿನಲ್ಲಿ ‘ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬೋರ್ಡು. ಗೆಳೆಯ ಮೊಟ್ಟೆಯನ್ನೂ ಮುಟ್ಟುವವನಲ್ಲ. ಯಜಮಾನರು ಕಾಫಿ ಕೊಟ್ಟರು. ನಲ್ಲಿ ತಿರುಗಿಸಿ ಕಾವೇರಿ ನೀರು ತೋರಿಸಿದರು. ಊರು ಕೇಳಿದರು, ಊರಲ್ಲಿ ಮನೆ ಯಾವ ಬೀದಿ ಅಂತಲೂ ಕೇಳಿದರು. ಮನೆದೇವರ ಹೆಸರು ಕೇಳಿದರೂ ಸಮಾಧಾನವಾಗಲಿಲ್ಲ.

‘ಅಂದ್ರೆ... ಯಾವ ಪೈಕಿ?’

ಗೆಳೆಯ ಹೇಳಿದ. ಯಜಮಾನರಿಗೆ ತಟ್ಟನೆ ನೆನಪಾಯಿತು. ‘ಅಯ್ಯೋ, ನಿನ್ನೆ ಸಂಜೆನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋದ್ರಲ್ಲ! ನಮಗೇನಿಲ್ಲಪ್ಪ, ಅಮ್ಮನಿಗೆ ಸ್ವಲ್ಪ ಮಡಿ ಜಾಸ್ತಿ.’

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲವನ್ನೂ ಹೆಸರಿಸುತ್ತದೆ. ಬಾಡಿಗೆ ಮನೆಯ ಮಾತಿಲ್ಲ. ಹಾಗಾಗಿ ಹೋಟೆಲಲ್ಲಿ ಯಜಮಾನರ ಎದುರೇ ಕೂತು ಇಡ್ಲಿ ತಿನ್ನಬಹುದು, ಅವರ ಮಹಡಿ ಮೇಲೆ ಅದೇ ಇಡ್ಲಿ ಬೇಯಿಸುವ ಹಾಗಿಲ್ಲ. ಅಹಮದಾಬಾದಿನ ಒಂದು ಹೌಸಿಂಗ್ ಸೊಸೈಟಿ ‘ಪಾರ್ಸಿಗಳಿಗೆ ಮಾತ್ರ’ ಅಂದಾಗ, 2005ರಲ್ಲಿ ಸುಪ್ರೀಂ ಕೋರ್ಟೇ ತಪ್ಪಿಲ್ಲ ಅಂದಿತು. ಪಾರ್ಸಿ ಅಂದಾಗ ನೆನಪಾಯಿತು. 1917ರಲ್ಲಿ ಅಂಬೇಡ್ಕರ್ ವಿದೇಶದಲ್ಲಿ ಓದಿ ಬರೋಡಾಕ್ಕೆ ಕೆಲಸಕ್ಕೆ ಬಂದರು. ಇರಲು ಜಾಗ ಸಿಗದೆ ಪಾರ್ಸಿ ಹೆಸರು ಹೇಳಿ ಪಾರ್ಸಿ ಛತ್ರದಲ್ಲಿ ಉಳಿದರು. ಗುಟ್ಟು ಗೊತ್ತಾಗಿ ಬಾಗಿಲಿಗೆ ಜನ ದೊಣ್ಣೆ ಹಿಡಿದು ಬಂದರು. ಈಗ ದೊಣ್ಣೆ ಹೋಗಿ ಕಾಫಿ ಬಂದಿದೆ.

ಆ ಕಾಫಿ ಕುಡಿದು ಕುಡಿದು ಸಾಕಾಗಿದೆ. ಇದು ಹನ್ನೊಂದನೇ ಮನೆ. ಪ್ರತಿ ಸಲವೂ ಅರ್ಧ ದಿನದ ರಜೆ. ಕೊನೆಗೆ ಎರಡು ಬಸ್ಸು ಹಿಡಿಯುವಷ್ಟು ದೂರದಲ್ಲಿ, ಹತ್ತು ತಿಂಗಳ ಅಡ್ವಾನ್ಸಿಗೆ ಒಂದು ಮನೆ ಸಿಕ್ಕಿತು. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಬೇರೆ. ಕಾಫಿ ಕೊಟ್ಟ ಆ ಯಜಮಾನರ ತಂದೆಗೆ ಒಂದು ಕಾಲದಲ್ಲಿ ಅಗ್ಗಕ್ಕೆ ಸೈಟು ಸಿಕ್ಕಿತ್ತು. ಕೆಳಗಿನ ಮನೆ ಬಾಡಿಗೆಯಲ್ಲಿ ಮೇಲೊಂದು ಮಹಡಿ ಎದ್ದಿತು, ಅದರ ಬಾಡಿಗೆಯಲ್ಲಿ ಇನ್ನೊಂದು. ಗೆಳೆಯನ ತಾತನಿಗೆ ಊರೊಳಗೇ ಜಾಗವಿರಲಿಲ್ಲ. ಇವನು ಸಂಬಳದಲ್ಲಿ ಉಳಿಸಿದ್ದು ಅಡ್ವಾನ್ಸಿಗೇ ಹೋಯಿತು. ಆಮೇಲೆ ‘ನೀವ್ಯಾಕೆ ಇನ್ನೂ ಸ್ವಂತ ಮನೆ ಮಾಡಿಲ್ಲ?’ ಅಂತ ಕೇಳುವವರೂ ಇವರೇ.

ಅಂದು ಗೆಳೆಯ ಗೇಟು ದಾಟಿದ ಮೇಲೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು.

‘ನಿಮಗೇ ಬೇಕಾದ್ರೆ ಹೇಳಿ ಸರ್, ಕೊಡೋಣ. ನೀವು ನಮ್ಮವರೇ ಅಲ್ವಾ?’

ನನ್ನ ಚೀಲದಲ್ಲಿ ಎರಡು ಎಗ್ ಪಫ್ ಇದ್ದವು. ಇನ್ನೂ ಬಿಸಿಯಾಗಿದ್ದವು.