ಹೊಲದ ಹೆಸರು ಹೇಳಿ ಹೆದರಿಸಬ್ಯಾಡ್ರಿ

"ಸಂಪತ್ತು ತೆರಿಗೆ ಬಂದ್ರ ಹೊಲಾ ಮಾರಿ ಟ್ಯಾಕ್ಸ್ ಕಟ್ಟಬೇಕಾಗ್ತದ." ಬೆಳಿಗ್ಗೆಯಿಂದ ನಮ್ಮ ವಿಜಯಪುರದ ಗ್ರೂಪುಗಳಲ್ಲಿ ಇದೇ ಫಾರ್ವರ್ಡ್. ಇಂಡಿ ಕಡೆಯ ನಿಂಬೆ ತೋಟದವರೂ ಹೆದರಿ ಹಂಚುತ್ತಿದ್ದಾರೆ. ಜೊತೆಗಿರುವುದು ಒಂದು ತಲೆಬರಹದ ಫೋಟೊ, ಅಷ್ಟೇ. ಒಳಗಿನ ಸುದ್ದಿ ಯಾರೂ ಓದಿಲ್ಲ. ಓದದೇ ಮುಂದೆ ತಳ್ಳುವ ಈ ಚಾಳಿ ನೋಡಿದರೆ ಸಿಟ್ಟು ಬರುತ್ತದೆ ನನಗೆ.

ಅಲ್ರಿ, ಸಂಪತ್ತು ತೆರಿಗೆ ಅಂದರೆ ವರ್ಷದ ಗಳಿಕೆಗಲ್ಲ, ಕೂಡಿಟ್ಟ ಆಸ್ತಿಗೆ ಹಾಕುವ ತೆರಿಗೆ. ಇದು ನಮ್ಮ ದೇಶದಲ್ಲಿ 58 ವರ್ಷ ಇತ್ತು. 1957ರಲ್ಲಿ ಕಾಯ್ದೆ ಬಂತು, 2015ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ತೆಗೆದರು. ಕೊನೆಗಾಲದಲ್ಲಿ ಇದ್ದದ್ದು ಹೀಗೆ: ಆಯಾ ಆಸ್ತಿಯ ಮೇಲಿನ ಸಾಲ ಕಳೆದು, ಮಾರ್ಚ್ 31ಕ್ಕೆ ಉಳಿದ ಸಂಪತ್ತು 30 ಲಕ್ಷ ದಾಟಿದರೆ, ದಾಟಿದ್ದಕ್ಕೆ ಮಾತ್ರ ನೂರಕ್ಕೆ 1. ಅಂದರೆ 40 ಲಕ್ಷ ಇದ್ದವರಿಗೆ 10 ಸಾವಿರ. ಒಂದು ಮನೆಗೆ ಅಥವಾ 500 ಚದರ ಮೀಟರ್ ಒಳಗಿನ ಒಂದು ಪ್ಲಾಟಿಗೆ ವಿನಾಯಿತಿ. ದಾಖಲೆಯಲ್ಲಿ ಕೃಷಿ ಭೂಮಿ ಅಂತಿದ್ದು ಬಿತ್ತಿ ಬೆಳೆಯುವ ಹೊಲ ಲೆಕ್ಕಕ್ಕೇ ಇರಲಿಲ್ಲ. ಲೆಕ್ಕಕ್ಕಿದ್ದದ್ದು ಚಿನ್ನದ ಒಡವೆ, ಕಾರು, ನಗರದ ಖಾಲಿ ಜಾಗ, ನಗರದ ಗಡಿಯಿಂದ 25 ಕಿ.ಮೀ. ಒಳಗಿನ ಫಾರ್ಮ್‌ಹೌಸ್, ವಿಮಾನ, 50 ಸಾವಿರ ದಾಟಿದ ನಗದು. ಇದನ್ನೆಲ್ಲ ಓದಲು ಹತ್ತು ನಿಮಿಷ ಸಾಕು.

"ಟೈಮ್ ಎಲ್ಲದ, ಮೊಬೈಲಿನಾಗ ಬಂದದ್ದು ಓದತೀವಿ" ಅನ್ನುತ್ತಾರೆ. ಮೊಬೈಲಿನಲ್ಲಿ ಏನು ಬರಬೇಕು ಅಂತ ನೀವು ಆರಿಸಿಲ್ಲವಲ್ಲ! ಹೆಚ್ಚು ಹೆದರಿಸುವುದೇ ಮೇಲೆ ಬರುತ್ತದೆ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಸುದ್ದಿ ನಿಮ್ಮ ಮನೆಯ ಕಂಪ್ಯೂಟರಿಗೆ ಬರಲಿ, ನೀವೇ ಆರಿಸಿದ ಪತ್ರಿಕೆಗಳಿಂದ, ನೀವು ಹಾಕಿದ ಸಾಲಿನಲ್ಲಿ ಬರಲಿ.

ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಸಾಕು, 4 ಜಿಬಿ ರ್‍ಯಾಮ್ ಇದ್ದರೆ ಧಾರಾಳ. ಮೊದಲು ಬ್ಯಾಟರಿ ನೋಡಿ. ಉಬ್ಬಿದ್ದರೆ ತೆಗೆದುಬಿಡಿ, ಅದು ಬೆಂಕಿಯ ಅಪಾಯ. ಚೆನ್ನಾಗಿದ್ದರೆ ಕರೆಂಟ್ ಹೋದಾಗ ಅದೇ ಯುಪಿಎಸ್. ಹಳೆಯ ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ ಕೂರಿಸಿ. ಫ್ಯಾನಿನ ಧೂಳು ಕೆಡವಿ, ಇಲ್ಲದಿದ್ದರೆ ನಮ್ಮ ಮೇ ಬಿಸಿಲಿಗೆ ತಾನೇ ಆಫ್ ಆಗುತ್ತದೆ. ಆಮೇಲೆ ಡೆಸ್ಕ್‌ಟಾಪ್ ಪರದೆ ಇಲ್ಲದ ಡೆಬಿಯನ್ (ಉಚಿತ ಲಿನಕ್ಸ್ ವ್ಯವಸ್ಥೆ) ಹಾಕಿ, ಅದರ ಮೇಲೆ ಡಾಕರ್ (ಪ್ರೋಗ್ರಾಮುಗಳನ್ನು 'ಕಂಟೇನರ್' ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ನಡೆಸುವ ಸಾಧನ), ಡಾಕರಿನೊಳಗೆ ಫ್ರೆಶ್‌ಆರ್‌ಎಸ್‌ಎಸ್. ಪತ್ರಿಕೆಗಳ ಫೀಡುಗಳನ್ನು, ಅಂದರೆ ಹೊಸ ಸುದ್ದಿಯ ಪಟ್ಟಿಗಳನ್ನು, ತಾನೇ ತಂದು ಒಂದೆಡೆ ಕೂಡಿಸುವ ಪ್ರೋಗ್ರಾಮು ಅದು. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗುವ ಸೆಟ್ಟಿಂಗ್ ಬಂದ್ ಮಾಡುವುದನ್ನು ಹಲವರು ಮರೆಯುತ್ತಾರೆ. ಡೇಟಾ ಫೋಲ್ಡರನ್ನು ಕಂಟೇನರಿನ ಹೊರಗೆ ಇಡಿ. ಒಳಗೇ ಬಿಟ್ಟರೆ ಮುಂದಿನ ಅಪ್‌ಡೇಟಿಗೆ ಕಂಟೇನರ್ ಬದಲಿಸಿದಾಗ ಕೂಡಿಸಿದ್ದೆಲ್ಲ ಹೋಗುತ್ತದೆ. ಲ್ಯಾಪ್‌ಟಾಪಿನ ಬದಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ ಮೆಮೊರಿ ಕಾರ್ಡಿನ ಮೇಲೆ ನಡೆಸಬೇಡಿ, ಅದಕ್ಕೆ ಡೇಟಾ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ರೌಟರಿಗೂ 12 ವೋಲ್ಟಿನ ಸಣ್ಣ ಯುಪಿಎಸ್ ಬೇಕು. ಹಗಲು ರಾತ್ರಿ 15 ವ್ಯಾಟ್ ಎಳೆದರೂ ತಿಂಗಳಿಗೆ 11 ಯೂನಿಟ್.

ಮನೆಯ ಹೊರಗಿನಿಂದ ಓದಲು ರೌಟರಿನಲ್ಲಿ ಪೋರ್ಟ್ (ಇಂಟರ್ನೆಟ್ಟಿನಿಂದ ಒಳಬರುವ ಬಾಗಿಲು) ತೆರೆಯಬೇಡಿ. ಸುರಕ್ಷಿತವಲ್ಲ, ಮೇಲಾಗಿ ಅನೇಕ ಮನೆ ಕನೆಕ್ಷನ್ನುಗಳಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪುವ ಇಂಟರ್ನೆಟ್ ವಿಳಾಸ) ಇರುವುದಿಲ್ಲ, ತೆರೆದರೂ ತಲುಪುವುದಿಲ್ಲ. ನಿಮ್ಮ ಮೊಬೈಲನ್ನೂ ಮನೆಯ ಯಂತ್ರವನ್ನೂ ಖಾಸಗಿ ದಾರಿಯಲ್ಲಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿದರೆ ಮುಗಿಯಿತು.

ಪತ್ರಿಕೆಗಳ ಫೀಡಿನ ಜೊತೆ ಪಿಐಬಿ (ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ), ರಿಸರ್ವ್ ಬ್ಯಾಂಕ್ ಫೀಡುಗಳನ್ನೂ ಸೇರಿಸಿ. ಎರಡೇ ಸಾಲು ಕೊಡುವ ಫೀಡಿಗೆ ಸಿಎಸ್‌ಎಸ್ ಸೆಲೆಕ್ಟರ್ (ಪುಟದಲ್ಲಿ ಲೇಖನ ಎಲ್ಲಿದೆ ಎಂದು ತೋರಿಸುವ ಗುರುತು) ಹಾಕಿದರೆ ಪೂರ್ತಿ ಲೇಖನ ಬರುತ್ತದೆ. 'ಸಂಪತ್ತು ತೆರಿಗೆ', 'ಸಂಪತ್ತಿನ ತೆರಿಗೆ', 'ವೆಲ್ತ್ ಟ್ಯಾಕ್ಸ್' ಮೂರನ್ನೂ ಹುಡುಕಾಟದಲ್ಲಿ ಉಳಿಸಿಡಿ, ಒಂದೊಂದು ಪತ್ರಿಕೆ ಒಂದೊಂದು ಬರೆಯುತ್ತದೆ. ಹಳೆಯ ಸುದ್ದಿ ಅಳಿಸದಂತೆ ಆರ್ಕೈವ್ ಸೆಟ್ಟಿಂಗ್ ಬದಲಿಸಿ. ಹೋದ ವರ್ಷ ಏನು ಬರೆದಿದ್ದರು ಅಂತ ತೆಗೆದು ನೋಡುವುದರಲ್ಲೇ ಇದರ ನಿಜವಾದ ಉಪಯೋಗ.

ಓದಿದ ಮೇಲೂ ಈ ತೆರಿಗೆಯನ್ನು ವಿರೋಧಿಸುವವರು ಇದ್ದಾರೆ, ಅವರ ಮಾತು ಬೇರೆ. 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ, ಇಷ್ಟಕ್ಕೆ ಇಷ್ಟೊಂದು ತೊಂದರೆ ಯಾಕೆ ಅನ್ನುತ್ತಾರೆ. ಕಡಿಮೆ ಬಂದದ್ದಕ್ಕೆ ಕಾರಣವನ್ನೂ ಹೇಳಬೇಕಲ್ಲ! ದೊಡ್ಡ ಶ್ರೀಮಂತರ ಗಂಟು ಇರುವುದು ಷೇರಿನಲ್ಲಿ. ಆ ಷೇರನ್ನೇ 1993ರಲ್ಲಿ ಲೆಕ್ಕದಿಂದ ಹೊರಗಿಟ್ಟರು. ಉಳಿದದ್ದು ಒಡವೆ, ಕಾರು. 2015ರಲ್ಲಿ ಬದಲಿಗೆ ತಂದದ್ದು ಒಂದು ಕೋಟಿ ದಾಟಿದ ಆದಾಯದವರಿಗೆ ಶೇ. 2 ಹೆಚ್ಚುವರಿ ಸರ್ಚಾರ್ಜ್ (ತೆರಿಗೆಯ ಮೇಲಿನ ತೆರಿಗೆ). ಅದು ಬೀಳುವುದು ಆದಾಯ ತೆರಿಗೆಯ ಮೇಲೆ, ಸಂಪತ್ತಿಗಲ್ಲ. ಷೇರು ಮಾರದೇ ಕೂತವರ ಸಂಪತ್ತು ಬೆಳೆಯುತ್ತಲೇ ಹೋಗುತ್ತದೆ, ಆದಾಯದ ಕಾಲಮ್ಮಿನಲ್ಲಿ ಕಾಣುವುದೇ ಇಲ್ಲ.

ನಾನು ಕೇಳುವುದು ಹಳೆಯ ಕಾಯ್ದೆಯನ್ನಲ್ಲ. ಈಗಿನ ಚಿನ್ನದ ದರದಲ್ಲಿ 30 ಲಕ್ಷದ ಮಿತಿ ಇಟ್ಟರೆ ಮಧ್ಯಮ ವರ್ಗದ ಮನೆಗಳೇ ಸಿಕ್ಕಿಬೀಳುತ್ತವೆ, ಅದು ಅನ್ಯಾಯ. ಮಿತಿ ಹತ್ತಾರು ಕೋಟಿಗೆ ಏರಲಿ, ಷೇರು ಒಳಗೆ ಬರಲಿ, ಉಳುವ ಹೊಲ ಮೊದಲಿನಂತೆ ಹೊರಗೇ ಇರಲಿ. ಇಂಡಿಯ ನಿಂಬೆ ತೋಟಕ್ಕೂ ಇದಕ್ಕೂ ಸಂಬಂಧ ಇಲ್ರಿ. ಆ ಫಾರ್ವರ್ಡ್ ಅಳಿಸ್ರಿ, ನಿಮಗ ಕಳಿಸಿದವರಿಗೂ ಹೇಳ್ರಿ.