ಆನೆ ವಾಕಿಂಗ್ ಹೋಗಿದೆ

ಎರಡು ತಿಂಗಳಿಗೊಮ್ಮೆ ಬರುವ ಹಬ್ಬ ಮತ್ತೆ ಬಂತು. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಸಭೆ ಮುಗಿಸಿತು, ಮಾರನೇ ಬೆಳಿಗ್ಗೆ ನಾನು ಇಂಗ್ಲಿಷ್ ಪೇಪರ್ ಹಿಡಿದು ಕೂತೆ. ಮೂರು ಸಲ ಓದಿದೆ. ಒಂದೊಂದು ಪದವೂ ಪರಿಚಯದ್ದೇ. ವಾಕ್ಯದೊಳಗೆ ಸೇರಿದ ಮೇಲೆ ಮಾತ್ರ ಮದುವೆಮನೆಯಲ್ಲಿ ದುಡ್ಡಿರುವ ನೆಂಟರ ಥರ ಗುರುತೇ ಹಿಡಿಯಲಿಲ್ಲ.

2022ರ ಏಪ್ರಿಲ್ ನೆನಪಿದೆಯಲ್ಲ? 'ಅಕಾಮಡೇಟಿವ್' ಆಗಿಯೇ ಇರುತ್ತೇವೆ, ಆದರೆ 'ವಿತ್‌ಡ್ರಾವಲ್ ಆಫ್ ಅಕಾಮಡೇಶನ್' ಕಡೆ ಗಮನ ಕೊಡುತ್ತೇವೆ ಅಂದರು. ನನಗೆ ಗೊತ್ತಿದ್ದ ಅಕಾಮಡೇಶನ್ ಅಂದರೆ ಮೆಜೆಸ್ಟಿಕ್ಕಿನ ಲಾಡ್ಜ್ ಬೋರ್ಡಿನದು. ರೂಮು ಖಾಲಿ ಮಾಡಿಸುತ್ತಿದ್ದಾರೇನೋ ಅಂದುಕೊಂಡೆ. ತೀರಾ ತಪ್ಪೇನಲ್ಲ. ಬಡ್ಡಿ ಇಳಿಸಿ ಸಾಲ ಸಲೀಸು ಮಾಡಿದ್ದ ಅನುಕೂಲವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಅನ್ನುವುದು ಅದರರ್ಥ. 'ಊಟ ಮಾಡ್ಕೊಂಡೇ ಹೋಗಿ' ಅನ್ನುತ್ತಲೇ ಗೇಟು ತೆಗೆದು ನಿಲ್ಲುತ್ತಾರಲ್ಲ, ಆ ಉಪಚಾರ ಇದು. ಮೇ ತಿಂಗಳಲ್ಲಿ ಶುರುವಾಗಿ, ಮುಂದಿನ ಫೆಬ್ರುವರಿ ಹೊತ್ತಿಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, 4ರಿಂದ 6.5ಕ್ಕೆ ಏರಿತ್ತು. ಎರಡೂವರೆ ಪರ್ಸೆಂಟ್ ಅಂದರೆ ಸಾಲಗಾರನ ಎದೆ ಧಸಕ್ಕೆನ್ನುತ್ತದೆ. 250 ಬೇಸಿಸ್ ಪಾಯಿಂಟ್ ಅನ್ನಿ, ಏನೂ ಆಗುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರಿಗೆ ನಮ್ಮ ಮೇಲೆ ಕನಿಕರ ಬಂದು, ಸುಲಭವಾಗಲಿ ಅಂತ ಪ್ರಾಣಿಗಳನ್ನು ಕರೆತಂದರು. ಹಣದುಬ್ಬರವೆಂಬ ಆನೆ ವಾಕಿಂಗ್ ಹೋಗಿದೆ, ಕಾಡಿಗೆ ಮರಳುತ್ತಿರುವಂತಿದೆ ಅಂದರು. ಈ ಮಾತನ್ನು ಸಕಲೇಶಪುರದ ಕಡೆ ಹೇಳಬಾರದು ಸ್ವಾಮಿ. ಅಲ್ಲಿ ಆನೆ ಹೊರಟಿತು ಅಂದರೆ ಯಾರ ತೋಟಕ್ಕೆ, ಕಾಫಿಗಿಡ ಎಷ್ಟು ಉಳಿದವು, ಬಾಳೆ ಉಳಿಯಿತೇ ಅಂತಲೇ ಕೇಳುವುದು. 'ಕಾಡಿಗೆ ಹೋಗಿದೆ' ಅಂತ ಕೇಳಿ ಬಾಗಿಲು ತೆಗೆದು ಮಲಗಿದವರು ಅಲ್ಲಿ ಯಾರೂ ಇಲ್ಲ.

ಅಕ್ಟೋಬರ್ ಹೊತ್ತಿಗೆ ಆನೆ ಕುದುರೆಯಾಗಿತ್ತು. ಬಹಳ ಕಷ್ಟಪಟ್ಟು ಲಾಯಕ್ಕೆ ತಂದು ಕಟ್ಟಿದ್ದೇವೆ ಅಂದರು. ಅದೇ ತಿಂಗಳ ಚಿಲ್ಲರೆ ಹಣದುಬ್ಬರ 6.21 ಪರ್ಸೆಂಟ್, ದಾಟಬಾರದು ಅಂತ ಹಾಕಿದ್ದ ಗೆರೆ 6. ಲಾಯಕ್ಕೆ ಹಿಂದಿನ ಬಾಗಿಲು ಇತ್ತೇನೋ.

ತಮಾಷೆ ಸಾಕು. ಸಾಲ ನನ್ನದು, ತರಕಾರಿ ಕೊಳ್ಳುವವನು ನಾನು. ನನ್ನ ಜೇಬಿನಿಂದ ತೆಗೆಯುವ ದುಡ್ಡಿನ ಲೆಕ್ಕ ನನಗೆ ತಿಳಿಯುವ ಮಾತಿನಲ್ಲಿ ಹೇಳಲು ಇವರಿಗೆ ಏನು ಕಾಯಿಲೆ? ಕನ್ನಡ ಪೇಪರಿನವರಾದರೂ ಬಿಡಿಸಿ ಹೇಳುತ್ತಾರೆಯೇ ಅಂದರೆ, 'ಹೊಂದಾಣಿಕೆಯ ನಿಲುವು ಹಿಂತೆಗೆತ'. ಯಾರ ಜೊತೆ ಹೊಂದಾಣಿಕೆ, ಯಾರ ನಿಲುವು!

ನನಗೆ ಸಾಲ ಕೊಟ್ಟವರ ಎಸ್ಸೆಮ್ಮೆಸ್ಸೂ ಇಂಗ್ಲಿಷಿನಲ್ಲೇ ಬರುತ್ತದೆ. ಅದರಲ್ಲಿ ಆನೆಯೂ ಇರಲಿಲ್ಲ, ಕುದುರೆಯೂ ಇರಲಿಲ್ಲ. ಕಂತು ಅಷ್ಟೇ, ಕಟ್ಟಬೇಕಾದದ್ದು 31 ತಿಂಗಳು ಜಾಸ್ತಿ. ಒಂದೇ ಓದಿಗೆ ಅರ್ಥವಾಯಿತು.