ಎಟಿಸಿ ಅರ್ಜಿಗೂ ಗಸಗಸೆ ಪಾಯಸಕ್ಕೂ ಏನು ಸಂಬಂಧ?

ಮುಂಬೈಯಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ. ಮಹಾರಾಷ್ಟ್ರ ಬೋರ್ಡಿನ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು: ಶೆಟ್ಟಿ ಪ್ರಸಾದ್ ಸುಧಾಕರ್. ಆಧಾರ್ ಮಾಡಿಸಿದ್ದು ರಜೆಯಲ್ಲಿ ಊರಿಗೆ ಹೋದಾಗ. ಅಲ್ಲಿ ಬರೀ ಪ್ರಸಾದ್ ಎಸ್. ಪ್ಯಾನ್ ಕಾರ್ಡು ಡೊಂಬಿವಲಿಯ ಏಜೆಂಟನ ಕೃಪೆ. ಅದರಲ್ಲಿ ಅಪ್ಪ ಮಗ ಇಬ್ಬರೂ ಸೇರಿ ಒಂದೇ ಪದವಾಗಿದ್ದಾರೆ. ಅಡ್ಡಹೆಸರೇ ಇಲ್ಲದ ಮೈಸೂರು ಕಡೆಯವರ ಪಾಡು ಇನ್ನೂ ಚಂದ. ಶಾಲೆಗೆ ಸೇರಿಸುವಾಗ "ಆಡನಾವ್ ಕಾಯ್?" (ಅಡ್ಡಹೆಸರೇನು?) ಎಂದು ಮರಾಠಿಯಲ್ಲಿ ಕೇಳಿದ್ದಕ್ಕೆ ಗಾಬರಿಯಾದ ತಂದೆ ಊರಿನ ಹೆಸರು ಹೇಳಿಬಿಟ್ಟಿರುತ್ತಾರೆ. ಮಗ ಜೀವಮಾನವಿಡೀ ಹೊಳೆನರಸೀಪುರ.

ಇಂಥವನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ, ಅಂದರೆ ರೇಡಿಯೊದಲ್ಲಿ ವಿಮಾನಗಳಿಗೆ ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲರ್ (ಎಟಿಸಿ) ಆಗಲು, ಅರ್ಜಿ ಹಾಕುತ್ತಾನೆ. ರೇಡಿಯೊದ ಒಂದೇ ಫ್ರೀಕ್ವೆನ್ಸಿಯಲ್ಲಿ ಹತ್ತಿರ ಹತ್ತಿರದ ಹೆಸರಿನ ಎರಡು ವಿಮಾನ ಬಂದರೆ ಕಂಟ್ರೋಲರ್ ಅವುಗಳ ಕರೆಹೆಸರನ್ನೇ ತಾತ್ಕಾಲಿಕವಾಗಿ ಬದಲಿಸಬಹುದು. ಅರ್ಜಿದಾರನಿಗೆ ಆ ಸೌಲಭ್ಯ ಇಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಆದ್ದರಿಂದ ಹತ್ತನೇ ತರಗತಿಯ ಕಾಗದವನ್ನೇ ದೇವರೆಂದು ಭಾವಿಸಿ, ಅದರಲ್ಲಿದ್ದ ಹಾಗೆಯೇ ಅರ್ಜಿ ತುಂಬಿ, ಉಳಿದ ಕಾಗದಗಳನ್ನು ಅದರ ದಾರಿಗೆ ತರುವುದು ಕ್ಷೇಮ. ಈ ಕೆಲಸ ಪ್ರಕಟಣೆ ಬರುವ ಮೊದಲೇ ಮುಗಿದಿರಬೇಕು. 2025ರಲ್ಲಿ 309 ಹುದ್ದೆಗೆ ಅರ್ಜಿ ಕರೆದಾಗ ಕೊಟ್ಟ ಅವಧಿ ಏಪ್ರಿಲ್ 25ರಿಂದ ಮೇ 24ರವರೆಗೆ. ಅಷ್ಟರಲ್ಲಿ ಹೆಸರೂ ತಿದ್ದಿ ಅರ್ಜಿಯೂ ಹಾಕುತ್ತೇನೆ ಎನ್ನುವುದು ಧೈರ್ಯವಲ್ಲ, ಹುಂಬತನ.

ಅರ್ಹತೆ ಓದಲು ಸರಳ: ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿ, ಇಲ್ಲವೇ ಯಾವುದೇ ವಿಭಾಗದ ಬಿಇ. ವಯಸ್ಸು ಗರಿಷ್ಠ 27, ಮೀಸಲಾತಿಯವರಿಗೆ ಸಡಿಲಿಕೆ. ಲೆಕ್ಕ ಹಾಕುವುದು ಅರ್ಜಿಯ ಕೊನೆಯ ದಿನಕ್ಕೆ, ಪರೀಕ್ಷೆಯ ದಿನಕ್ಕಲ್ಲ. ಬಿಇಯವರಿಗೆ ಒಂದು ಸಣ್ಣ ಮುಳ್ಳಿದೆ. ಯಾವುದಾದರೂ ಸೆಮಿಸ್ಟರಿನಲ್ಲಿ ಭೌತಶಾಸ್ತ್ರವೂ ಗಣಿತವೂ ಇದ್ದಿರಬೇಕು. ಅದಕ್ಕೆ ಸಾಕ್ಷಿ ಸಾಮಾನ್ಯವಾಗಿ ಮೊದಲ ವರ್ಷದ ಅಂಕಪಟ್ಟಿ, ಕೆಟಿ (ಫೇಲಾದ ವಿಷಯ) ಬಿದ್ದಿತ್ತೆಂದು ಅಟ್ಟದ ಮೇಲೆ ಅಡಗಿಸಿಟ್ಟದ್ದು. ಡಿಪ್ಲೊಮಾ ಮಾಡಿ ನೇರ ಎರಡನೇ ವರ್ಷಕ್ಕೆ ಸೇರಿದವರ ಬಳಿ ಅದೂ ಇರುವುದಿಲ್ಲ. ಅವರು ಶುಲ್ಕ ಕಟ್ಟುವ ಮೊದಲು ತಮ್ಮ ಸಿಲೆಬಸ್ ತೆರೆದು ನೋಡುವುದು ಒಳ್ಳೆಯದು. ಒಬಿಸಿ ಪ್ರಮಾಣಪತ್ರ ಕೇಂದ್ರ ಸರ್ಕಾರದ ನಮೂನೆಯಲ್ಲಿರಬೇಕು. ಕಾಲೇಜು ಸೀಟಿಗೆ ತಹಶೀಲ್ದಾರ್ ಕಚೇರಿಯಲ್ಲಿ ಮಾಡಿಸಿದ ರಾಜ್ಯದ ಕಾಗದ ಇಲ್ಲಿ ನಡೆಯುವುದಿಲ್ಲ.

ಲಿಖಿತ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 120 ಪ್ರಶ್ನೆ, 120 ನಿಮಿಷ; ಅರ್ಧ ಗಣಿತ-ಭೌತಶಾಸ್ತ್ರ, ಉಳಿದರ್ಧ ಇಂಗ್ಲಿಷು, ತರ್ಕ, ಸಾಮಾನ್ಯ ಜ್ಞಾನ ಇತ್ಯಾದಿ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಹಾಗಿದ್ದೂ ಸ್ವಾಭಿಮಾನದಿಂದ ಪ್ರಶ್ನೆ ಖಾಲಿ ಬಿಟ್ಟು ಬರುವವರಿದ್ದಾರೆ. ಅವರಿಗೊಂದು ನಮಸ್ಕಾರ.

ನಿಜವಾದ ಮೋಜು ಆಮೇಲೆ. ದಾಖಲೆ ಪರಿಶೀಲನೆಯ ಜೊತೆಗೆ ಧ್ವನಿ ಪರೀಕ್ಷೆ ಇದೆ. ಕೊಟ್ಟ ಇಂಗ್ಲಿಷ್ ಪಠ್ಯವನ್ನು ತೊದಲದೆ, ಸ್ಪಷ್ಟವಾಗಿ ಓದಬೇಕು. ದಾದರ್ ಬರುವಷ್ಟರಲ್ಲಿ ಮಾತು ಮುಗಿಸಬೇಕೆಂಬ ಲೋಕಲ್ ರೈಲಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ವಿಮಾನದ ರೇಡಿಯೊದಲ್ಲಿ ನಿಮಿಷಕ್ಕೆ 100 ಪದ ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. ನಮ್ಮ ಘಾಟ್‌ಕೋಪರ್ ಅತ್ತಿಗೆ ಅಷ್ಟನ್ನು ಉಸಿರೆಳೆದುಕೊಳ್ಳುವ ಮೊದಲೇ ಆಡಿರುತ್ತಾರೆ. ಉಚ್ಚಾರಣೆಗೆ ಮಾತ್ರ ಹೆದರಬೇಕಿಲ್ಲ. ಮುಂದೆ ತರಬೇತಿಯಲ್ಲಿ 3ನ್ನು ಟ್ರೀ, 5ನ್ನು ಫೈಫ್, 9ನ್ನು ನೈನರ್ ಎಂದೇ ಕಲಿಸುತ್ತಾರೆ. ಟ್ರೀ ಅಂದದ್ದಕ್ಕೆ ಕಿವಿ ಹಿಂಡಿದ ಮೇಷ್ಟ್ರು ಇದನ್ನು ಕೇಳಬೇಕಿತ್ತು.

ಇನ್ನೊಂದು, ಅಮಲು ಪದಾರ್ಥಗಳ ಪರೀಕ್ಷೆ. ಮೂತ್ರದ ಸ್ಯಾಂಪಲ್ ಕೊಡಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವ್ಯಾಖ್ಯೆಯಲ್ಲಿ ಕಾಫಿ, ತಂಬಾಕು ಸೇರಿಲ್ಲ. ಹಾಗಾಗಿ ಮಾಟುಂಗಾದ ಫಿಲ್ಟರ್ ಕಾಫಿ ಬಚಾವ್. ಹೋಳಿಯ ಭಾಂಗ್ ಬಚಾವಲ್ಲ. ಅಭ್ಯಾಸ ಇದ್ದವರ ಮೈಯಲ್ಲಿ ಅದರ ಗುರುತು ವಾರಗಟ್ಟಲೆ ನಿಲ್ಲುತ್ತದೆ. ಆದರೆ ಕನ್ನಡಿಗನ ಅಪಾಯ ಅಡುಗೆಮನೆಯಲ್ಲೇ ಇದೆ. ಮಗ ದೊಡ್ಡ ಪರೀಕ್ಷೆಗೆ ಹೊರಟನೆಂದು ಅಮ್ಮ ಪ್ರೀತಿಯಿಂದ ಕಾಯಿಸುವುದು ಗಸಗಸೆ ಪಾಯಸ. ಗಸಗಸೆ ಅಂದರೆ ಅಫೀಮು ಗಿಡದ ಬೀಜ. ಅದರ ಮೇಲೆ ಮಾರ್ಫಿನ್ನಿನ ಅಂಶ ಅಂಟಿಕೊಂಡಿರುತ್ತದೆ. ಚೆನ್ನಾಗಿ ತಿಂದರೆ ಒಂದೆರಡು ದಿನ ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಮೊದಲ ಪರೀಕ್ಷೆಯಲ್ಲಿ ಸಂಶಯ ಬಂದರೆ ಖಚಿತಪಡಿಸುವ ಎರಡನೆಯದು ಮಾಡುತ್ತಾರೆ ನಿಜ, ಆದರೆ ಅಲ್ಲೂ ಮಾರ್ಫಿನ್ ಮಾರ್ಫಿನ್ನೇ. ಪಾಯಸದ್ದು ಎಂದು ಬಾಟಲಿ ಬಾಯಿಬಿಟ್ಟು ಹೇಳುವುದಿಲ್ಲ. ಕುರ್ಮಾಕ್ಕೆ ಅರೆದು ಹಾಕಿದ್ದೂ ಲೆಕ್ಕಕ್ಕೆ ಬರುತ್ತದೆ. ಒಂದು ವಾರ ಮೊದಲೇ ನಿಲ್ಲಿಸಿ, ಶ್ಯಾವಿಗೆ ಪಾಯಸಕ್ಕೆ ಒಪ್ಪಿಸಿ. ಕೆಮ್ಮಿಗೆ ಕೊಡೀನ್ ಇರುವ ಸಿರಪ್ ಕುಡಿಯುತ್ತಿದ್ದರೆ ವೈದ್ಯರ ಚೀಟಿ ಜೊತೆಗಿರಲಿ, ಸ್ಯಾಂಪಲ್ ಕೊಡುವ ಮೊದಲೇ ಹೇಳಿ.

ವೈದ್ಯಕೀಯದಲ್ಲಿ ಕನ್ನಡಕ ಅಡ್ಡಿಯಲ್ಲ, ಹಾಕಿಕೊಂಡಾಗ ದೃಷ್ಟಿ ಸರಿ ಇದ್ದರಾಯಿತು. ಬಣ್ಣಗುರುಡಿನ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಕಾಣದಿದ್ದರೆ ಕಷ್ಟ.

ಇಷ್ಟೆಲ್ಲ ಆಗುವಾಗ ಬಳಗದವರು ಪೋಸ್ಟಿಂಗ್ ನಿರ್ಧರಿಸಿಯಾಗಿರುತ್ತದೆ. ಪುಣೆಯ ಮಾವ "ನಮ್ಮ ಲೋಹಗಾಂವ್‌ಗೇ ಬಂದುಬಿಡು ಮಾರಾಯ, ಊಟ ನಮ್ಮಲ್ಲೇ" ಅನ್ನುತ್ತಾರೆ. ಲೋಹಗಾಂವ್ ವಾಯುಪಡೆಯ ನೆಲೆ, ಅಲ್ಲಿ ವಿಮಾನಗಳನ್ನು ನಿಯಂತ್ರಿಸುವ ಟವರ್ ಅವರದು. ಗೋವಾದ ದಾಬೋಲಿಮ್ ನಿಲ್ದಾಣದ್ದು ನೌಕಾಪಡೆಯದು. ಗೋವಾನೇ ಬೇಕೆಂದರೆ ಅಲ್ಲಿನ ಇನ್ನೊಂದು ವಿಮಾನ ನಿಲ್ದಾಣವಾದ ಮೋಪಾಕ್ಕೆ ಹರಕೆ ಹೊರಬೇಕು. ಕೆಲಸ ದೇಶದ ಯಾವ ಮೂಲೆಗೂ ಬೀಳಬಹುದು. ತರಬೇತಿ ಕೇಂದ್ರಗಳು ಪ್ರಯಾಗರಾಜ್, ಹೈದರಾಬಾದ್, ಗೋಂದಿಯಾದಲ್ಲಿವೆ. ಗೋಂದಿಯಾ ಮಹಾರಾಷ್ಟ್ರದಲ್ಲೇ ಅಲ್ಲವೇ ಎಂದು ಖುಷಿಪಡುವವರು ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಲ್ಲಿ ಸಂಜೆ ವಿದರ್ಭ ಎಕ್ಸ್‌ಪ್ರೆಸ್ ಹತ್ತಿ ಮಾರನೆಯ ದಿನ ಇಳಿಯುತ್ತಾರೆ.

ಕೊನೆಗೆ ಬಾಂಡ್. ಹಿಂದಿನ ಪ್ರಕಟಣೆಗಳಲ್ಲಿ ಇದ್ದದ್ದು 7 ಲಕ್ಷ ರೂಪಾಯಿಯದು: ತರಬೇತಿ ಮುಗಿದ ಮೇಲೆ ಮೂರು ವರ್ಷ ಬಿಡದೆ ದುಡಿಯುವ ಷರತ್ತು. ಅದಕ್ಕೆ ಜಾಮೀನು ಬೇಕು. ಯಾರನ್ನು ಕೇಳುವುದೆಂದು ಮೊದಲೇ ಯೋಚಿಸಿಡಿ. ಲೋಹಗಾಂವ್‌ನಲ್ಲಿ ಊಟ ಹಾಕುತ್ತೇನೆಂದ ಮಾವನ ಫೋನು ಅಷ್ಟು ಹೊತ್ತಿಗೆ ಔಟ್ ಆಫ್ ರೇಂಜ್ ಇರುತ್ತದೆ.